ರತ್ನಮಾಲಾ ಇದ್ದರೆ ಪರ್ಮಿಷನ್ ಇಲ್ಲ

ಭಾನುವಾರ, 19 ಸೆಪ್ಟೆಂಬರ್ 1976
ಆಂಡರ್ಸನ್‌ಪೇಟೆ

ನಿನ್ನೆ ಚಿನ್ನದ ಗಣಿಯ ಮೈಸೂರು ಮೈನ್ಸ್ ಬಯಲಿನಲ್ಲಿ ‘ಸತಿ ಹೇಮಪ್ರಭೆ’ ನಾಟಕ. ಹದಿನೇಳು ಸಿಳ್ಳೆ. ಎಣಿಸಿದ್ದೇನೆ. ಮೊದಲ ಪ್ರವೇಶಕ್ಕೆ ನಾಲ್ಕು, ತೊಟ್ಟಿಲ ಹಾಡಿಗೆ ಆರು, ಉಳಿದ ಏಳೂ ಆ ಒಂದು ಮಾತಿಗೆ. ಆ ಮಾತನ್ನು ಇಲ್ಲಿ ಬರೆದಿಡುತ್ತೇನೆ, ಮುಪ್ಪಿನಲ್ಲಿ ಓದಿ ನಗಲಿಕ್ಕಾಗುತ್ತದೆ.

ಮೂರನೆಯ ಅಂಕ. ಹೇಮಪ್ರಭೆ ರಾಣಿಗೆ ಹನ್ನೆರಡು ವರ್ಷದಿಂದ ಮಕ್ಕಳಿಲ್ಲ. ಖಾಲಿ ತೊಟ್ಟಿಲ ಮುಂದೆ ಕೂತು ದೇವಿಯನ್ನು ಬೇಡುತ್ತಾಳೆ. ನಾನು ‘ಬರಿದಾದ ತೊಟ್ಟಿಲ ಎಷ್ಟು ತೂಗಲೇ ತಾಯೇ’ ಎಂದು ಹಾಡಿ ಮುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದೇನೆ, ಪರದೆಯ ಸಂದಿಯಿಂದ ಒಂದು ಚೀಟಿ ಬಂತು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ತಾಲೂಕು ಕಚೇರಿಯ ಸಾಹೇಬರು ಕಳಿಸಿದ್ದು. ‘ಒಂದು ಅಥವಾ ಎರಡು ಮಕ್ಕಳು ಸಾಕು, ಗಂಡಸರೆಲ್ಲ ನಾಳೆ ಸಂತಾನ ನಿಯಂತ್ರಣದ ಆಪರೇಷನ್ ಕ್ಯಾಂಪಿಗೆ ಬರತಕ್ಕದ್ದು ಎಂದು ಈಗಲೇ ಅನೌನ್ಸ್ ಮಾಡುವುದು.’ ಈಗಲೇ ಎಂಬುದಕ್ಕೆ ಕೆಳಗೆ ಗೆರೆ ಬೇರೆ.

ರಾಣಿಯಾಗಿ ಕೂತವಳು ಎದ್ದು ಅನೌನ್ಸ್ ಮಾಡುವುದು ಹೇಗೆ? ಚೀಟಿಯನ್ನು ಕೈಯಲ್ಲಿ ಹಿಡಿದು ದೇವಿಯ ಕಡೆಗೇ ತಿರುಗಿದೆ. “ತಾಯೇ, ಒಂದೇ ಒಂದು ಕೊಡು ಎಂದು ಹನ್ನೆರಡು ವರ್ಷದಿಂದ ಬೇಡುತ್ತಿದ್ದೇನೆ. ನೀನು ಮೊದಲನೆಯದನ್ನೇ ಕೊಟ್ಟಿಲ್ಲ, ಎರಡೇ ಸಾಕು ಎಂದು ಸಾಹೇಬರು ಚೀಟಿ ಕಳಿಸಿದ್ದಾರೆ. ಅವರಿಗೆ ಏನೆಂದು ಉತ್ತರ ಕೊಡಲಿ?”

ಬಯಲಿಗೆ ಬಯಲೇ ಎದ್ದು ನಿಂತಿತು. ಹಾರ್ಮೋನಿಯಂ ಮೇಷ್ಟ್ರು ಚಿಕ್ಕವೆಂಕಟಪ್ಪನವರು ನಕ್ಕು ನಕ್ಕು ಶ್ರುತಿಯನ್ನೇ ಬಿಟ್ಟರು. ಸಾಹೇಬರು ಮಾತ್ರ ನಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು.

ಇಪ್ಪತ್ತು ವರ್ಷದಿಂದ ಊರೂರಿನ ಗಂಡಸರ ನಾಟಕದ ಸೆಟ್ಟುಗಳು, ಅಂದರೆ ತಂಡಗಳು, ಹೆಣ್ಣು ಪಾತ್ರಕ್ಕೆ ನನ್ನನ್ನು ಕರೆಸುತ್ತಿವೆ. ನಿನ್ನೆಯಂಥ ದಿನ ಇನ್ನೊಂದಿಲ್ಲ.

ಗುರುವಾರ, 30 ಸೆಪ್ಟೆಂಬರ್

ಮಧ್ಯಾಹ್ನ ಚಿಕ್ಕವೆಂಕಟಪ್ಪನವರು ಬಂದರು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತರು.

“ರತ್ನಮ್ಮ, ಒಂದು ಮಾತು ಏಳ್ತೀನಿ. ಬೇಜಾರು ಮಾಡ್ಕೋಬ್ಯಾಡ.”

“ಹೇಳಿ ಮೇಷ್ಟ್ರೇ.”

“ಮುಂದಿನ ನಾಟ್ಕಕ್ಕೆ ಪರ್ಮಿಷನ್ ಕೇಳಕ್ಕೆ ತಾಲೂಕಾಪೀಸಿಗೋಗಿದ್ದೆ. ಎಮರ್ಜೆನ್ಸಿ ಬಂದಾಗ್ಲಿಂದ ಅಲ್ಲೊಂದು ಪಟ್ಟಿ ಮಡಗವ್ರೆ. ಕರಪತ್ರದಾಗೆ ನಿನ್ನೆಸರು ನೋಡಿದ್ರು, ಕೆಂಪು ಪೆನ್ಸಿಲ್ ತಗೊಂಡು ಹೊಡೆದಾಕಿದ್ರು. ರತ್ನಮಾಲಾ ಇದ್ರೆ ಪರ್ಮಿಷನ್ ಇಲ್ಲ ಅಂದ್ರು.”

ಪಟ್ಟಿಯಲ್ಲಿ ಇನ್ಯಾರಿದ್ದಾರೆ ಎಂದು ಕೇಳಿದೆ. ಇಬ್ಬರು ಗಣಿ ಯೂನಿಯನ್ನಿನವರು, ಪೇಪರಿಗೆ ಬರೆಯುವವನೊಬ್ಬ, ಆಮೇಲೆ ನಾನಂತೆ. ನಾಲ್ಕನೆಯವಳು! ಯಾರೂ ಸಿಳ್ಳೆ ಹೊಡೆಯದ ಮೂವರ ಕೆಳಗೆ ನನ್ನ ಹೆಸರು.

ಮೇಷ್ಟ್ರು ಹೋದ ಮೇಲೆ ಅನ್ನಕ್ಕಿಡುವುದು ಮರೆತೆ.

ಸೋಮವಾರ, 11 ಅಕ್ಟೋಬರ್

ಹೆಸರಿಗೆ ತಾನೇ ಅಡ್ಡಿ? ಹೆಸರನ್ನೇ ಬದಲಾಯಿಸಿದರಾಯಿತು ಎಂದು ಮೊನ್ನೆ ಬಂಗಾರಪೇಟೆಯ ಆಚೆಯ ಒಂದು ಹಳ್ಳಿಯಲ್ಲಿ ‘ಕೋಲಾರದ ಕುಮಾರಿ ಪದ್ಮಾವತಿ’ಯಾದೆ. ಹುಬ್ಬು ದಪ್ಪ ಮಾಡಿಕೊಂಡೆ, ಗಲ್ಲಕ್ಕೊಂದು ಮಚ್ಚೆ ಇಟ್ಟೆ. ರಂಗಕ್ಕೆ ಬಂದು ಒಂದು ಸಾಲು ಹಾಡಿದ್ದೇ ತಡ, ಕೊನೆಯ ಸಾಲಿನ ಮುದುಕನೊಬ್ಬ ಎದ್ದು ನಿಂತು, “ಲೇ, ಇದು ನಮ್ ರತ್ನಮಾಲಾ ಕಣ್ಲಾ! ಮಚ್ಚೆ ಮಡಿಕೊಂಡವ್ಳೆ!” ಎಂದು ಕೂಗಿದ. ಸಿಳ್ಳೆಯೋ ಸಿಳ್ಳೆ. ಟೀ ಅಂಗಡಿಯ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಪೇದೆಗೂ ಎಚ್ಚರವಾಯಿತು.

ಹಿಂಬಾಗಿಲಿಂದ ಇಳಿದು ಮೇಷ್ಟ್ರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತೆ. ಬಂಗಾರಪೇಟೆ ಸ್ಟೇಷನ್ನಿನ ತನಕ ಕಿರೀಟ ತೆಗೆಯಲೂ ಪುರುಸೊತ್ತಿಲ್ಲ. ಎದುರು ಬಂದ ಎತ್ತಿನ ಗಾಡಿಯವನು ಗಾಡಿ ನಿಲ್ಲಿಸಿ ಕೈ ಮುಗಿದ.

ಮೇಷ್ಟ್ರು ನಕ್ಕರು, ನಾನೂ ನಕ್ಕೆ. ಆದರೆ ಇನ್ನು ಯಾವ ಸೆಟ್ಟೂ ನನ್ನನ್ನು ಕರೆಯುವುದಿಲ್ಲ.

ಬುಧವಾರ, 3 ನವೆಂಬರ್

ಬರೆಯುವಂಥದ್ದು ಏನೂ ಇಲ್ಲ. ಮೇಕಪ್ ಪೆಟ್ಟಿಗೆಗೆ ಇರುವೆ ಹತ್ತಿತ್ತು. ಒದರಿದೆ.

ಭಾನುವಾರ, 21 ನವೆಂಬರ್
ಗೊಲ್ಲಕುಂಟೆ

ಕೋಣೆಗೆ ಬೀಗ ಹಾಕಿ ಚಿಕ್ಕಮ್ಮನ ಊರಿಗೆ ಬಂದಿದ್ದೇನೆ. ಚಿಕ್ಕಮ್ಮ ಮುತ್ಯಾಲಮ್ಮ ನನ್ನ ಅಮ್ಮನ ಕೊನೆಯ ತಂಗಿ. ಕಾಮಸಮುದ್ರದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಎರಡು ಸೀಮೆ ಹಸು, ಒಂದು ತುಂಡು ರಾಗಿ ಹೊಲ, ಮಕ್ಕಳಿಲ್ಲ.

“ಬಾ ಕಣಮ್ಮಿ, ಆ ಪಟ್ಟಿ ಹರಿದೋಗೋಗಂಟ ಇಲ್ಲೇ ಇರು,” ಎಂದಳು. ಪಟ್ಟಿ ಎಂದರೆ ಗೋಡೆಗೆ ಅಂಟಿಸಿದ ಕಾಗದ ಎಂದುಕೊಂಡಿದ್ದಾಳೆ.

ಬೆಳಿಗ್ಗೆ ಅವಳ ಜೊತೆ ಹಾಲಿನ ಡೈರಿಗೆ ಹೋದೆ. ಊರಿನ ಹೆಂಗಸರೆಲ್ಲ ಕ್ಯಾನು, ಚೊಂಬು ಹಿಡಿದು ಸಾಲು ನಿಂತಿದ್ದರು. ನಾನು ನಿಂತ ಕಡೆಯಿಂದ ಇಬ್ಬರು ಸರಿದರು. ಡೈರಿ ಸೆಕ್ರೆಟರಿ ಶ್ರೀರಾಮಪ್ಪನ ಹೆಂಡತಿ ಅಂಜನಮ್ಮ, ಎತ್ತರದ ಹೆಂಗಸು, ಮಾತಾಡಿದರೆ ಆಚೆ ಓಣಿಗೆ ಕೇಳುತ್ತದೆ, ಪಿಸುಮಾತು ಎಂದುಕೊಂಡು ಕೇಳಿದಳು: “ಇವ್ಳೇನಾ ನಾಟ್ಕದೋಳು?”

“ನಾಟ್ಕದೋಳಲ್ಲ, ನಮ್ಮಕ್ಕನ ಮಗ್ಳು,” ಎಂದಳು ಚಿಕ್ಕಮ್ಮ.

ಎರಡೂ ಹೌದು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ಕ್ಯಾನು ಎತ್ತಿಕೊಂಡೆ. ಸಂಜೆ ಹಾಲು ಕರೆಯಲು ಹೋಗಿ ಹಸುವಿನಿಂದ ಒದೆ ತಿಂದೆ. ಅದಕ್ಕೂ ಯಾರೋ ಹೇಳಿರಬೇಕು.

ಭಾನುವಾರ, 5 ಡಿಸೆಂಬರ್

ಎಷ್ಟು ದಿನವಾಯಿತು ಹೀಗೆ ನಕ್ಕು! ಪಕ್ಕೆ ಇನ್ನೂ ನೋಯುತ್ತಿದೆ.

ಈ ಊರಿನ ಗಂಡಸರು ಸಂಕ್ರಾಂತಿಗೆ ‘ಸತಿ ಹೇಮಪ್ರಭೆ’ ಆಡುವುದೆಂದು ತೀರ್ಮಾನಿಸಿ ಚಿಕ್ಕವೆಂಕಟಪ್ಪನವರನ್ನೇ ಕಲಿಸಲು ಕರೆಸಿದ್ದಾರೆ. ರಾಣಿಯ ಪಾತ್ರಕ್ಕೆ ಬೇರೆ ಯಾರನ್ನೋ ಗೊತ್ತು ಮಾಡುತ್ತಾರಂತೆ. ಮೇಷ್ಟ್ರು ನನ್ನ ಮುಖ ನೋಡಲು ನಾಚಿಕೊಂಡರು. ನಾನು ಡೈರಿ ಅಂಗಳದ ಹುಣಸೆ ಮರದ ಕೆಳಗೆ ಹೆಂಗಸರಿಂದ ಸ್ವಲ್ಪ ದೂರ ಕೂತು ತಾಲೀಮು ನೋಡುತ್ತಿದ್ದೆ. ಸೆಕ್ರೆಟರಿ ಶ್ರೀರಾಮಪ್ಪನೇ ವೀರಸೇನ ಮಹಾರಾಜ. “ನನ್ನ ಖಡ್ಗದ ಮುಂದೆ ನಿಲ್ಲುವ ಗಂಡು ಈ ಭೂಮಂಡಲದಲ್ಲಿ ಹುಟ್ಟಿಲ್ಲ!” ಎಂದು ಎದೆ ತಟ್ಟಿಕೊಂಡರು. ಅಷ್ಟರಲ್ಲಿ ಕೆರೆ ಏರಿಯ ಮೇಲೆ ಜೀಪಿನ ಸದ್ದು.

ಗಂಡಸರನ್ನು ಆಪರೇಷನ್ನಿಗೆ ಹಿಡಿದುಕೊಂಡು ಹೋಗುವ ಜೀಪು ಸುತ್ತ ಹಳ್ಳಿಗಳಲ್ಲೆಲ್ಲ ಓಡಾಡುತ್ತಿದೆ. “ಜೀಪು!” ಎಂದು ಯಾರೋ ಕೂಗಿದ್ದೇ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅಂಗಳ ಬರಿದು. ಮಹಾರಾಜರು ರಾಗಿ ಹೊಲಕ್ಕೆ. ಸೇನಾಪತಿ ಕ್ರೂರಕೇತು ಮರದ ಮೇಲಕ್ಕೆ. ಮಂತ್ರಿಯ ಒಂದು ಚಪ್ಪಲಿ ಮಾತ್ರ ಉಳಿಯಿತು. ಅರವತ್ತೆರಡು ವರ್ಷದ ನಮ್ಮ ಮೇಷ್ಟ್ರೂ ಓಡಿದರಲ್ಲ! ಜೀಪು ಊರೊಳಕ್ಕೇ ಬರಲಿಲ್ಲ, ನೇರ ಹೋಯಿತು.

ಅಂಗಳದಲ್ಲಿ ಉಳಿದವರು ಹೆಂಗಸರು, ಹಾರ್ಮೋನಿಯಂ, ನಾನು. ಆಮೇಲೆ ಅಂಜನಮ್ಮ ಗಂಡ ಬಿಟ್ಟೋಡಿದ ತಾಲೀಮಿನ ರಟ್ಟಿನ ಕಿರೀಟವನ್ನು ನೆಲದಿಂದ ಎತ್ತಿ ತಲೆಯ ಮೇಲಿಟ್ಟುಕೊಂಡು, “ನನ್ನ ಖಡ್ಗದ ಮುಂದೆ...” ಎಂದು ಶುರು ಮಾಡಿ ಮುಗಿಸಲಾರದೆ ಕುಸಿದು ಕೂತಳು. ನಗು ತಡೆಯಲಾಗದೆ ನನ್ನ ಹೆಗಲನ್ನೇ ಹಿಡಿದುಕೊಂಡಳು.

ಬುಧವಾರ, 8 ಡಿಸೆಂಬರ್

ಗಂಡಸರು ನಾಟಕ ಕೈಬಿಟ್ಟರು. ಇಪ್ಪತ್ತು ಜನ ಒಂದೇ ಕಡೆ ಸೇರಿದರೆ ಜೀಪಿನವರಿಗೆ ಕೆಲಸ ಸಲೀಸಾಗುತ್ತದೆ ಎಂದು ಅವರ ಲೆಕ್ಕ.

ಸಾಯಂಕಾಲ ಡೈರಿಯಲ್ಲಿ ಅಂಜನಮ್ಮ ನನ್ನ ಎದುರು ಬಂದು ನಿಂತಳು. “ಅಕ್ಕ, ಜೀಪಿನೋರು ಉಡುಕೋದು ಗಂಡಸ್ರನ್ನ. ನಾವೇ ಆಡಿದ್ರೆ ಏನಾಯ್ತದೆ? ಡ್ರೆಸ್ಸು ಆಗ್ಲೇ ಬಂಗಾರಪೇಟೇಲಿ ಗೊತ್ತು ಮಾಡವ್ರೆ. ನೀನು ಏಳ್ಕೊಡ್ತೀಯಾ?”

ಮೊದಲು ತಮಾಷೆ ಎಂದುಕೊಂಡೆ. ಹಿಂದೆ ಏಳೆಂಟು ಜನ ನಿಂತಿದ್ದರು, ಯಾರೂ ನಗುತ್ತಿರಲಿಲ್ಲ.

“ರಾಣಿ ಪಾತ್ರ ನಾನು ಮಾಡುವ ಹಾಗಿಲ್ಲವಲ್ಲ,” ಎಂದೆ.

“ಅದು ಗೊತ್ತು. ಏಳ್ಕೊಡಾಕೆ ಯಾವ ಪಟ್ಟಿ ಅಡ್ಡ?”

ಒಂದು ಷರತ್ತು ಹಾಕಿದ್ದಾರೆ. ಸಂಜೆ ಹಾಲು ಕರೆಯುವ ಹೊತ್ತಿಗೆ ನಾಟಕ ಮುಗಿಯಬೇಕು. ಹಾಡಹಗಲಲ್ಲಿ ನಾಟಕ! ಸೂರ್ಯನ ಬೆಳಕಿನಲ್ಲಿ ರಾಣಿಯ ಕಾಗೆ ಬಂಗಾರ ಕಾಗೆ ಬಂಗಾರವಾಗಿಯೇ ಕಾಣುತ್ತದೆ. ಬೇಸರ ಕಳೆಯಲು ಆಗಲಿ ಎಂದು ಒಪ್ಪಿಕೊಂಡೆ. ಬೇರೆ ಇನ್ನೇನೂ ಇಲ್ಲ.

ಗುರುವಾರ, 16 ಡಿಸೆಂಬರ್

ಪಾತ್ರ ಹಂಚಿದ್ದಾಯಿತು. ಮಹಾರಾಜ ಅಂಜನಮ್ಮ, ಎತ್ತರಕ್ಕೂ ಗಂಟಲಿಗೂ. ಹೇಮಪ್ರಭೆ ಅವಳ ಸೊಸೆ ಉಮಾಮಹೇಶ್ವರಿ, ಹತ್ತೊಂಬತ್ತು ವರ್ಷ, ಊರಿನ ಸೊಸೆಯರಲ್ಲಿ ಸರಾಗವಾಗಿ ಓದಬಲ್ಲವಳು ಅವಳೊಬ್ಬಳೇ. ಅತ್ತೆ ಗಂಡ, ಸೊಸೆ ಹೆಂಡತಿ. ಮೇಷ್ಟ್ರು ಇದನ್ನು ಕೇಳಿ ತಲೆ ಚಚ್ಚಿಕೊಂಡರು, ಆದರೂ ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚಿದರು.

ಕ್ರೂರಕೇತುವಿಗೆ ಯಾರೂ ಸಿಗಲಿಲ್ಲ. ಕೆಟ್ಟವನ ಪಾತ್ರ ಮಾಡಿದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಆಗ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಆದಿಲಕ್ಷ್ಮಮ್ಮ ತಲೆ ಎತ್ತಿದಳು. ಐವತ್ತು ದಾಟಿದ ಒಂಟಿ ಹೆಂಗಸು. ಗಂಡ ಸತ್ತ ಮೇಲೆ ಮೈದುನರ ಜೊತೆ ಹೊಡೆದಾಡಿ ಹೊಲ ಉಳಿಸಿಕೊಂಡವಳು.

“ನಂಗೆ ಕೊಡಮ್ಮ ಅದನ್ನ. ನನ್ ಮನೆಗೆ ಇನ್ನೇನು ಕೆಟ್ಟದ್ದಾಗಬೇಕು?”

“ಕ್ರೂರಕೇತು ಬರುವಾಗ ಅಟ್ಟಹಾಸ ಮಾಡಬೇಕು. ನಗಲು ಬರುತ್ತದಾ?”

ಸೊಪ್ಪು ಪಕ್ಕಕ್ಕಿಟ್ಟಳು. ಎದ್ದಳು. ಸೆರಗು ಸಿಕ್ಕಿಸಿಕೊಂಡಳು. ನಕ್ಕಳು.

ಮರದ ಮೇಲಿನ ಗಿಳಿಗಳು ಹಾರಿಹೋದವು. ಒಂದು ಕರು ಹಗ್ಗ ಕಿತ್ತುಕೊಂಡು ಓಡಿತು. ಇಪ್ಪತ್ತು ವರ್ಷ ಎಷ್ಟೋ ಕ್ರೂರಕೇತುಗಳ ಎದುರು ನಿಂತಿದ್ದೇನೆ. ನಿಜವಾಗಿ ಹೆದರಿದ್ದು ಇವತ್ತೇ.

ಸೋಮವಾರ, 27 ಡಿಸೆಂಬರ್

ಉಮಾಮಹೇಶ್ವರಿಯಿಂದ ಆಗುವುದಿಲ್ಲ. ತೊಟ್ಟಿಲ ಹಾಡಿಗೆ ಬಂದ ಕೂಡಲೇ ಕಿಸಕ್ಕೆಂದು ನಗುತ್ತಾಳೆ. ದಿನಾ ಅದೇ. ನನ್ನ ಹಾಡು, ನಾನು ಹಾಡಿದರೆ ಗಣಿಯ ಕಲ್ಲೂ ಅಳುವ ಹಾಡು, ಅದನ್ನು ಹಲ್ಲು ಕಿರಿದುಕೊಂಡು ಹಾಡಿದರೆ ಹೇಗೆ ಸಹಿಸಲಿ? ಇವತ್ತು ಬೈದುಬಿಟ್ಟೆ. “ರಾಣಿಯ ಪಾತ್ರ ಅಂದರೆ ಹುಡುಗಾಟ ಅಂದುಕೊಂಡೆಯಾ?” ಎಂದು ಪುಸ್ತಕ ಬಿಸಾಕಿ ಮನೆಗೆ ಬಂದೆ.

ಸ್ವಲ್ಪ ಹೊತ್ತಿಗೆ ಅವಳೇ ಬಂದಳು. ದನದ ಕೊಟ್ಟಿಗೆಯ ಕಂಬ ಹಿಡಿದು ನಿಂತಳು.

“ಅಕ್ಕ, ಬೇಕೂಂತ ನಗಲ್ಲ ನಾನು. ಮದ್ವೆಯಾಗಿ ಮೂರು ವರ್ಸ ಆಯ್ತು. ನೀರಿಗೋದ್ರೂ ಕೇಳ್ತಾರೆ, ಡೈರಿಗೋದ್ರೂ ಕೇಳ್ತಾರೆ, ಇನ್ನೂ ಏನಿಲ್ವಾ ಅಂತ. ಮನೇಲಿ ಅತ್ತೇನೂ ಕೇಳ್ತಾರೆ. ಎಲ್ರ ಮುಂದೆ ಅಳಬಾರ್ದು ಅಂತ ನಗ್ತೀನಿ. ನಕ್ಕೂ ನಕ್ಕೂ ಅದೇ ಅಭ್ಯಾಸ ಆಗೋಗೈತೆ.”

ಹುಲ್ಲಿನ ಕಂತೆಯ ಮೇಲೆ ಕೂರಿಸಿಕೊಂಡೆ. “ಹಾಗಾದರೆ ನಕ್ಕೇ ಹಾಡು,” ಎಂದೆ.

ಹಾಡಿದಳು. ಅದೇ ನಗುಮುಖದಲ್ಲಿ, ಇಲ್ಲದ ತೊಟ್ಟಿಲನ್ನು ಮೆಲ್ಲಗೆ ತೂಗುತ್ತಾ. ಹಾಲು ಕರೆಯುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಪ್ಪತ್ತು ವರ್ಷ ನಾನು ಆ ಹಾಡನ್ನು ಅಳುತ್ತಾ ಹಾಡಿದೆ, ಅದಕ್ಕೆ ಜನ ಸಿಳ್ಳೆ ಹೊಡೆದರು. ಇದಕ್ಕೆ ಯಾರೂ ಸಿಳ್ಳೆ ಹೊಡೆಯಲಾರರು.

ಬುಧವಾರ, 5 ಜನವರಿ 1977

ಬಂಗಾರಪೇಟೆಗೆ ಹೋಗಿದ್ದ ಶ್ರೀರಾಮಪ್ಪನಿಗೆ ಅಲ್ಲಿ ಯಾರೋ ಪಟ್ಟಿಯ ಹೆಂಗಸು ಕಲಿಸಿದರೂ ತಪ್ಪೇ ಎಂದು ಊದಿದ್ದಾರೆ. ಚಿಕ್ಕಮ್ಮನ ಬಾಗಿಲಿಗೆ ಬಂದು ನಿಂತರು. ಕೆಟ್ಟ ಮನುಷ್ಯನಲ್ಲ, ಹೆದರಿದ್ದರು.

“ನೋಡಮ್ಮ, ನಿನ್ಮೇಲೆ ನಂಗೇನೂ ಇಲ್ಲ. ಆದ್ರೆ ನೀನು ಕಲಿಸ್ತಿದ್ದೀಯ ಅಂತ ಮ್ಯಾಲೆ ಗೊತ್ತಾದ್ರೆ ನಾಟ್ಕನೂ ಇಲ್ಲ, ನಮ್ಮ ಡೈರಿಗೂ ಏನಾದ್ರೂ ಮಾಡ್ತಾರೆ. ನಾಡಿದ್ದಿನೊಳಗೆ ನಿಮ್ಮೂರಿಗೆ ಓಗ್ಬಿಡು.”

ಅವರದೂ ತಪ್ಪಲ್ಲ. ಟ್ರಂಕು ಕಟ್ಟಿದ್ದೇನೆ. ನಾಡಿದ್ದು ಬೆಳಗಿನ ಬಸ್ಸು. ಆದಿಲಕ್ಷ್ಮಮ್ಮನ ಎರಡನೆಯ ಅಂಕ ಇನ್ನೂ ಗಟ್ಟಿಯಾಗಿಲ್ಲ. ಮಂತ್ರಿ ಬಲಗಡೆಯಿಂದ ಬರಬೇಕಾದಲ್ಲಿ ಎಡಗಡೆಯಿಂದ ಬರುತ್ತಾಳೆ. ಮೇಷ್ಟ್ರಿಗೆ ಇದೆಲ್ಲ ಚೀಟಿಯಲ್ಲಿ ಬರೆದುಕೊಟ್ಟು ಹೋಗಬೇಕು.

ಶುಕ್ರವಾರ, 7 ಜನವರಿ

ಬಸ್ಸಿಗೆ ಹೊರಟವಳು ಡೈರಿ ದಾಟಬೇಕಿತ್ತು. ದಾಟಲಿಲ್ಲ!

ಶ್ರೀರಾಮಪ್ಪ ಖಾಲಿ ಕ್ಯಾನುಗಳ ನಡುವೆ ಕೂತಿದ್ದರು. ಒಂದು ತೊಟ್ಟು ಹಾಲು ಬಂದಿರಲಿಲ್ಲ. ಹಾಲಿನ ಲಾರಿಯವನು ಹಾರನ್ ಹೊಡೆದೂ ಹೊಡೆದೂ ಬೇಸತ್ತಿದ್ದ. ಎದುರಿನ ಜಗಲಿಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದಾರೆ, ಪಕ್ಕದಲ್ಲಿ ಚೊಂಬುಗಳು, ಚೊಂಬಿನ ತುಂಬ ಹಾಲು.

“ಅಳತೆ ಮಾಡಿಸ್ರಮ್ಮ, ಒಡೆದೋಯ್ತದೆ!” ಎಂದು ಶ್ರೀರಾಮಪ್ಪ ಅಂಗಲಾಚಿದರು.

“ಒಡೀಲಿ,” ಎಂದಳು ಅವರ ಹೆಂಡತಿ. “ಕೋವಾ ಕಾಯ್ಸಿ ತಿಂತೀವಿ.”

ಆದಿಲಕ್ಷ್ಮಮ್ಮ ಎದ್ದು ನಿಂತು ಹೇಳಿದಳು: “ಸೆಕ್ರೆಟ್ರಿ, ಕೇಳು. ಈಯಮ್ಮ ಓದ್ರೆ ನಾನು ಹಾಲು ಹಾಕಲ್ಲ. ಐವತ್ತು ವರ್ಸದಾಗೆ ನಾನು ಬಾಯಿ ತುಂಬ ನಕ್ಕಿರೋದು ಈ ಇಪ್ಪತ್ತು ದಿನದಾಗೆ.”

ಲಾರಿಯವನು ಮತ್ತೊಮ್ಮೆ ಹಾರನ್ ಹೊಡೆದ. ಶ್ರೀರಾಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕೈಯ ಟ್ರಂಕನ್ನು ತಾವೇ ತೆಗೆದುಕೊಂಡರು. ಹೆಂಗಸರು ಹಬ್ಬದ ದಿನ ಡೈರಿ ಅಂಗಳದಲ್ಲಿ ಭಜನೆ ಮಾಡುತ್ತಾರೆ, ಭಜನೆಗೆ ಯಾರೂ ಪರ್ಮಿಷನ್ ಕೇಳುವುದಿಲ್ಲ, ಎಂದು ಅವರೇ ಉಪಾಯ ಹೇಳಿದರು.

ಆ ಗಲಾಟೆಯಲ್ಲಿ ಬಸ್ಸು ಹೋಯಿತು. ಮಂತ್ರಿಯನ್ನು ಬಲಗಡೆಯಿಂದ ಬರಿಸಿದ್ದೇನೆ.

ಶನಿವಾರ, 15 ಜನವರಿ

ನಿನ್ನೆ ಆಯಿತು. ಎಲ್ಲಿಂದ ಶುರು ಮಾಡಲಿ?

ಮಧ್ಯಾಹ್ನ ಒಂದಕ್ಕೆ ಪರದೆ ಎದ್ದಾಗ ಊರಿಗೆ ಊರೇ ಬಿಸಿಲಲ್ಲಿ ಕೂತಿತ್ತು, ಕಬ್ಬು ಅಗಿಯುತ್ತಾ. ನಾನು ಪರದೆಯ ಹಿಂದೆ ಪುಸ್ತಕ ಹಿಡಿದು ಕುಕ್ಕರಗಾಲಿನಲ್ಲಿ. ಅಂಜನಮ್ಮ ಮೀಸೆ ತೀಡಿಕೊಂಡು ಪ್ರವೇಶಿಸಿದಾಗ ಅವಳ ಮೊಮ್ಮಗು, ದೊಡ್ಡ ಮಗಳದು, “ಅಜ್ಜೀ!” ಎಂದು ಕೂಗಿತು. ಅಂಜನಮ್ಮ ನಡಿಗೆ ತಪ್ಪಲಿಲ್ಲ. “ಯಾರಲ್ಲಿ! ಆ ಪ್ರಜೆಗೆ ಒಂದು ಬೆಲ್ಲದಚ್ಚು ಕೊಡಿ!” ಎಂದಳು. ಅದು ಪುಸ್ತಕದಲ್ಲಿ ಇಲ್ಲ. ನಾನು ಹೇಳಿಕೊಟ್ಟದ್ದೂ ಅಲ್ಲ!

ಉಮಾ ಹಾಡಿದಾಗ ಕಬ್ಬು ಅಗಿಯುವ ಸದ್ದು ನಿಂತಿತು. ಹಾಡು ಮುಗಿದ ಮೇಲೆ ರಾಜನ ಮಾತು: “ದೇವಿ, ಮಕ್ಕಳಿಲ್ಲದಿದ್ದರೇನು, ನನಗೆ ನೀನಿದ್ದೀಯೆ.” ಒಂದು ತಿಂಗಳಿಂದ ಅಂಜನಮ್ಮ ದಿನಕ್ಕೆ ನಾಲ್ಕು ಸಲ ಆ ಮಾತನ್ನು ಸೊಸೆಗೆ ಹೇಳಿದ್ದಾಳೆ. ನಿನ್ನೆ ಹೇಳುವಾಗ ಕೈ ಸೊಸೆಯ ತಲೆಯ ಮೇಲಿತ್ತು. ಉಮಾ ನಗಲಿಲ್ಲ, ಅತ್ತುಬಿಟ್ಟಳು.

ನಾಲ್ಕನೆಯ ಅಂಕದಲ್ಲಿ ಜೀಪಿನ ಸದ್ದು. ಮತ್ತೆ ಅದೇ! ಗಂಡಸರೆಲ್ಲ ಕಬ್ಬು ಬಿಸಾಡಿ ಎದ್ದರು, ಓಡಿದರು. ಜೀಪು ಈ ಸಲ ನೇರ ಅಂಗಳಕ್ಕೇ ಬಂದು ನಿಂತಿತು. ಪಟ್ಟಿಯ ಹೆಂಗಸು ಪರದೆಯ ಹಿಂದೆ ಪುಸ್ತಕ ಸಮೇತ ಸಿಕ್ಕಿದಳು, ಈ ಹೆಂಗಸರಿಗೆಲ್ಲ ನನ್ನಿಂದ ಆಪತ್ತು ಬಂತು ಎಂದುಕೊಂಡೆ. ನಾನೇ ಮುಂದೆ ಹೋಗಿ ತಪ್ಪೊಪ್ಪಿಕೊಳ್ಳೋಣವೆಂದು ಎದ್ದೆ.

ಅಷ್ಟರಲ್ಲಿ ಆದಿಲಕ್ಷ್ಮಮ್ಮ ಕತ್ತಿ ಎತ್ತಿಕೊಂಡು ರಂಗದ ಅಟ್ಟದ ತುದಿಗೆ ಬಂದಿದ್ದಳು. ಜೀಪಿನಿಂದ ಇಳಿದವನತ್ತ ತಿರುಗಿ ಗುಡುಗಿದಳು: “ಅಪ್ಪಣೆಯಿಲ್ಲದೆ ಕ್ರೂರಕೇತುವಿನ ಆಸ್ಥಾನಕ್ಕೆ ಕಾಲಿಟ್ಟವನು ಯಾವನವನು?” ಆಮೇಲೆ ಆ ನಗು.

ಇಳಿದವನು ಚೀಲ ಎದೆಗೆ ಅವುಚಿಕೊಂಡ. “ನಾನು... ದನದ ಡಾಕ್ಟರು ತಾಯಿ. ಮುತ್ಯಾಲಮ್ಮನೋರ ಹಸುಗೆ ಇಂಜೆಕ್ಷನ್ನು...”

“ಕುಳಿತುಕೋ! ನಾಟಕ ಮುಗಿದ ಮೇಲೆ ಚುಚ್ಚುವಿಯಂತೆ!”

ಡಾಕ್ಟರು ಮುಂದಿನ ಸಾಲಿನಲ್ಲಿ ಕೂತರು. ಚಿಕ್ಕಮ್ಮ ಕೈಗೆ ಕಬ್ಬಿನ ತುಂಡು ಕೊಟ್ಟಳು. ಗಂಡಸರು ಒಬ್ಬೊಬ್ಬರಾಗಿ ಬೇಲಿಯ ಹಿಂದಿನಿಂದ ಬಂದು, ಎಲ್ಲೂ ಹೋಗಿಯೇ ಇರಲಿಲ್ಲ ಎಂಬಂತೆ ಕೂತುಕೊಂಡರು. ಹೆಂಗಸರ ನಗು ತಗ್ಗುವ ತನಕ ಕತ್ತಿ ವರಸೆಯನ್ನು ತಡೆಯಬೇಕಾಯಿತು.

ನಾಲ್ಕೂವರೆಗೆ ಮಂಗಳ. ಐದಕ್ಕೆ ಮಹಾರಾಜರು ಮೀಸೆ ಸಮೇತ ಹಾಲು ಕರೆಯುತ್ತಿದ್ದರು. ಹಸು ಮೊದಲು ಒಪ್ಪಲಿಲ್ಲ.

ಸೋಮವಾರ, 21 ಫೆಬ್ರವರಿ

ಚುನಾವಣೆಯಂತೆ. ಜೀಪುಗಳು ಈಗ ಕೈ ಮುಗಿಯುವವರನ್ನು ಹೊತ್ತು ಬರುತ್ತಿವೆ. ಪಕ್ಕದ ಎರಡು ಊರಿನ ಹೆಂಗಸರು ಬಂದು ಹೋದರು, ಅವರಿಗೂ ನಾಟಕ ಬೇಕು. ಒಬ್ಬಳು ವಿದೂಷಕನ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದ್ದಾಳೆ, ಅವಳು ನಿಂತರೇ ನಗು ಬರುತ್ತದೆ. ಬೆಳಿಗ್ಗೆ ನಾನು ಕರೆದರೆ ಹಸು ಒದೆಯುವುದಿಲ್ಲ ಈಗ.

ಗುರುವಾರ, 24 ಮಾರ್ಚ್

ತುರ್ತುಪರಿಸ್ಥಿತಿ ಹೋಯಿತು. ಪಟ್ಟಿಯೂ ಹೋಯಿತು. ಚಿಕ್ಕವೆಂಕಟಪ್ಪನವರು ಕಾಮಸಮುದ್ರದಿಂದ ಓಡಿಕೊಂಡೇ ಬಂದು ಏದುಸಿರು ಬಿಡುತ್ತಾ ಹೇಳಿದರು. ಏಪ್ರಿಲ್ ಒಂಬತ್ತಕ್ಕೆ ಬಂಗಾರಪೇಟೆಯಲ್ಲಿ ದೊಡ್ಡ ಪೆಂಡಾಲು, ‘ಸತಿ ಹೇಮಪ್ರಭೆ’, ರಾಣಿ ನಾನೇ. ಆಮೇಲೆ ಹನ್ನೆರಡಕ್ಕೆ ಬೇತಮಂಗಲದ ಕಡೆ ಇನ್ನೊಂದು. ಚಿಕ್ಕಮ್ಮ ನನ್ನ ದೃಷ್ಟಿ ತೆಗೆದಳು. ಹೆಂಗಸರೆಲ್ಲ ಡೈರಿಯಲ್ಲಿ ಕೈ ತಟ್ಟಿದರು.

ನಾನು ಅಳುತ್ತಾ ನಕ್ಕೆ. ಒಂಬತ್ತನೆಯ ತಾರೀಖು ವಿದೂಷಕನ ಮೊದಲ ತಾಲೀಮು ಇಟ್ಟುಕೊಂಡಿದ್ದೆ. ಮುಂದಕ್ಕೆ ಹಾಕಿದೆ.

ಭಾನುವಾರ, 10 ಏಪ್ರಿಲ್

ಇದನ್ನು ಗೊಲ್ಲಕುಂಟೆಯಲ್ಲೇ ಕೂತು ಬರೆಯುತ್ತಿದ್ದೇನೆ. ಆಂಡರ್ಸನ್‌ಪೇಟೆಯ ಕೋಣೆಯಲ್ಲಿ ಬರೆಯಬೇಕಿತ್ತು. ಹೇಗಾಯಿತೆಂದು ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಬಂಗಾರಪೇಟೆಯ ಪೆಂಡಾಲು ಕಿಕ್ಕಿರಿದಿತ್ತು. ಪರದೆಯ ಸಂದಿಯಿಂದ ಇಣುಕಿದರೆ ಮುಂದಿನ ಚಾಪೆಯ ಮೇಲೆ ನಮ್ಮವರೆಲ್ಲ! ಅಂಜನಮ್ಮ, ಉಮಾ, ಆದಿಲಕ್ಷ್ಮಮ್ಮ, ಮಂತ್ರಿ, ಚಿಕ್ಕಮ್ಮ, ಒಟ್ಟು ಹದಿನಾಲ್ಕು ಜನ. ಕಾಮಸಮುದ್ರದಲ್ಲಿ ಸಂಜೆಯ ಪ್ಯಾಸೆಂಜರ್ ರೈಲು ಹಿಡಿದು ಬಂದಿದ್ದರು. ಹಾಲು ಯಾರು ಕರೆದರು ಎಂದರೆ, “ಗಂಡಸ್ರೇ ಕರ್ಕೋತಾರೆ,” ಎಂದು ಅಂಜನಮ್ಮ ಕೈ ಬೀಸಿದಳು.

ತೊಟ್ಟಿಲ ಹಾಡನ್ನು ಉಮಾ ಹಾಡಿದ ಹಾಗೆ ಹಾಡಿದೆ. ಅವಳಷ್ಟು ಚೆನ್ನಾಗಿ ಬರಲಿಲ್ಲ, ಮೂರನೆಯ ನುಡಿಯಲ್ಲಿ ತೂಗುವ ಕೈ ಬಿರುಸಾಯಿತು. ಕ್ರೂರಕೇತುವಾಗಿ ಬಂದವರು ಹೆಸರುವಾಸಿ ನಟರು, ಆದರೆ ಆ ದಿನ ಗಂಟಲು ಕಟ್ಟಿತ್ತು. ಅಟ್ಟಹಾಸ ಮಾಡಲು ಹೋಗಿ ಕೆಮ್ಮಿದರು. ಚಾಪೆಯ ಮೇಲಿದ್ದ ಆದಿಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಅವರ ಬದಲು ನಕ್ಕುಕೊಟ್ಟಳು. ಪೆಂಡಾಲಿನ ಬಲ್ಬುಗಳು ನಡುಗಿದವೋ ಏನೋ, ಜನ ಹೋ ಎಂದು ಎದ್ದರು. ಆ ದೊಡ್ಡ ನಟರು ಒಳ್ಳೆಯವರು, ರಂಗದ ಮೇಲಿಂದಲೇ ಅವಳಿಗೆ ಕೈ ಮುಗಿದರು. ನನಗೆ ಆಗ ಹೆದರಿ ನಡುಗುವ ಅಭಿನಯ ಇತ್ತು. ನಕ್ಕೂ ನಕ್ಕೂ ಭುಜ ಕುಣಿಯುತ್ತಿತ್ತು, ಜನ ಅದನ್ನೇ ನಡುಕ ಎಂದುಕೊಂಡರು.

ಬೆಳಿಗ್ಗೆ ಅವರನ್ನು ಪ್ಯಾಸೆಂಜರಿಗೆ ಹತ್ತಿಸಲು ಪ್ಲಾಟ್‌ಫಾರ್ಮಿಗೆ ಹೋದೆ. ಆಂಡರ್ಸನ್‌ಪೇಟೆಗೆ ಹೋಗಲು ನನ್ನ ರೈಲು ಮಾರಿಕುಪ್ಪದ್ದು, ಆ ಕಡೆ ನಿಂತಿತ್ತು. ಡಬ್ಬಿಯೊಳಗೆ ಕೂತ ಉಮಾ ಕಿಟಕಿಯಿಂದ ಕೇಳಿದಳು:

“ಅಕ್ಕ, ರಾತ್ರಿ ನೀನು ಮೂರ್ಛೆ ಬಿದ್ದೆಯಲ್ಲ, ಒಂದು ಚೂರೂ ಸದ್ದಾಗ್ಲಿಲ್ಲ. ನಾನು ಬಿದ್ರೆ ಮೂಟೆ ಎತ್ತಾಕ್ದಂಗೆ ಆಯ್ತದೆ. ಎಂಗೆ ಬೀಳೋದು?”

“ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಭುಜ,” ಎಂದೆ ಹೊರಗಿನಿಂದ.

“ಎಂಗೆ?”

ಕಿಟಕಿಯಿಂದ ಹೇಳಿದರೆ ಅರ್ಥವಾಗುವಂಥದ್ದಲ್ಲ ಅದು. ಒಂದೇ ನಿಮಿಷ ಎಂದುಕೊಂಡು ಒಳಗೆ ಹತ್ತಿದೆ. ಸೀಟುಗಳ ನಡುವೆ ಜಾಗ ಮಾಡಿಸಿ ಬಿದ್ದು ತೋರಿಸಿದೆ. ಉಮಾ ಬಿದ್ದಳು, ಮಂಡಿ ಸರಿ, ಸೊಂಟ ತಪ್ಪು. ಮತ್ತೆ ತೋರಿಸಿದೆ. ಅಂಜನಮ್ಮ ತಾನೂ ನೋಡುತ್ತೇನೆಂದು ಬಿದ್ದಳು, ಎದುರಿನ ಮುದುಕರ ಬುಟ್ಟಿಯಲ್ಲಿದ್ದ ಬದನೆಕಾಯಿ ಚೆಲ್ಲಾಪಿಲ್ಲಿಯಾಯಿತು. ನಾನು ಮೂರನೆಯ ಸಲ ಬಿದ್ದು, ಕಣ್ಣು ಮುಚ್ಚಿ, ಉಸಿರು ಹೇಗೆ ಹಿಡಿಯಬೇಕೆಂದು ತೋರಿಸುತ್ತಿದ್ದಾಗ ನೆಲ ಅಲುಗಾಡುತ್ತಿದೆ ಅನ್ನಿಸಿತು. ಕಣ್ಣು ಬಿಟ್ಟರೆ ತಲೆಯ ಹತ್ತಿರ ಎರಡು ಕರಿ ಬೂಟು. ಟಿಕೆಟ್ ಕಲೆಕ್ಟರು.

“ಏನಾಯ್ತಮ್ಮ ಇವರಿಗೆ? ನೀರು ಚಿಮುಕಿಸ್ರಿ!” ಎಂದು ಗಾಬರಿಯಾದರು.

“ಏನೂ ಆಗಿಲ್ಲ ಸ್ವಾಮಿ,” ಎಂದಳು ಆದಿಲಕ್ಷ್ಮಮ್ಮ. “ನಮ್ ಮೇಷ್ಟ್ರು. ಪಾಠ ಏಳ್ಕೊಡ್ತಾವ್ರೆ.”

“ಮೇಷ್ಟ್ರ ಟಿಕೆಟ್ಟು?”

ಹದಿನಾಲ್ಕು ಜನ ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ನೋಡಿದೆ. ಬಂಗಾರಪೇಟೆ ಆಗಲೇ ಹಿಂದೆ ಉಳಿದಿತ್ತು, ಹೊಂಗೆ ಮರಗಳು ಓಡುತ್ತಿದ್ದವು. ಕಲೆಕ್ಟರು ರಸೀದಿ ಪುಸ್ತಕ ತೆಗೆದು ಎಲ್ಲಿಗೆ ಎಂದು ಕೇಳಿದರು.

“ಕಾಮಸಮುದ್ರಕ್ಕೆ,” ಎಂದೆ. ಆಮೇಲೆ ಉಮಾಳ ಕಡೆಗೆ ತಿರುಗಿ, “ಎಲ್ಲಿ, ಇನ್ನೊಂದು ಸಲ ಬೀಳು,” ಎಂದೆ.